ಅಲಗಿನ ಮೇಲಣ ಅಲೆ

ನಮ್ಮ ಭಾಷೆಯಲ್ಲಿ ‘ಹದ’ ಎಂಬ ಎರಡಕ್ಷರದ ಮಾತೊಂದುಂಟು. ಮೈಸೂರುಪಾಕಿಗೆ ಪಾಕ ಕಾಯಿಸುವವರಿಗೆ ಅದು ಬೇಕು, ಮೊದಲ ಮಳೆ ಬಿದ್ದ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುವ ರೈತನಿಗೆ ಬೇಕು, ತೊಗಲಿನ ಕೆಲಸದವನಿಗೆ ಬೇಕು, ಕುಂಬಾರನಿಗೆ ಬೇಕು. ಹದವೆಂದರೇನು ಎಂದು ಇವರಲ್ಲಿ ಯಾರನ್ನು ಕೇಳಿದರೂ ಪೂರ್ತಿ ಉತ್ತರ ಸಿಕ್ಕುವುದಿಲ್ಲ. ‘ಹಾಗೇ ಗೊತ್ತಾಗುತ್ತೆ’ ಎನ್ನುತ್ತಾರೆ. ಬಹಳ ಬಲವಂತ ಮಾಡಿದರೆ, ‘ಎಳೆ ಬಂದಾಗ ಇಳಿಸಿದರಾಯಿತು’ ಎಂದು ಒಂದು ಗುರುತು ಹೇಳುತ್ತಾರೆ. ಗುರುತು ತಿಳಿದ ಮಾತ್ರಕ್ಕೆ ಹದ ತಿಳಿದಂತಾಗಲಿಲ್ಲ. ಗುರುತನ್ನಷ್ಟೆ ಕೇಳಿಕೊಂಡು ಬಂದು ಮೈಸೂರುಪಾಕು ಮಾಡಿದವರ ಮನೆಯಲ್ಲಿ, ಅದನ್ನು ತಟ್ಟೆಯಿಂದ ಬಿಡಿಸಲು ಸುತ್ತಿಗೆ ಹುಡುಕಬೇಕಾದ ಪ್ರಸಂಗಗಳು ಓದುಗರಿಗೆ ಗೊತ್ತಿಲ್ಲದವೇನಲ್ಲ.

ಹದಗಳಲ್ಲೆಲ್ಲ ಕಷ್ಟದ ಹದ ಕಮ್ಮಾರನದು. ಚಾಕುವಿನ ಅಲಗಿನಲ್ಲಿ ಒಂದಕ್ಕೊಂದು ಆಗಿಬಾರದ ಎರಡು ಗುಣಗಳು ಕೂಡಿ ಬಾಳಬೇಕು. ಗಡಸುತನವಿಲ್ಲದಿದ್ದರೆ ಹರಿತ ನಿಲ್ಲುವುದಿಲ್ಲ. ಬಾಗಿ ತಾಳಿಕೊಳ್ಳುವ ಗುಣವಿಲ್ಲದಿದ್ದರೆ ಒಂದು ಏಟಿಗೆ ಅಲಗು ಎರಡಾಗುತ್ತದೆ. ಇದರಲ್ಲಿ ಬಹುಪಾಲು ಇಂಗಾಲದ ಲೆಕ್ಕ. ಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಮೆಯಾದರೆ ಅದು ಮೆದು ಕಬ್ಬಿಣ, ಎಷ್ಟು ಮಸೆದರೂ ಪ್ರಯೋಜನವಿಲ್ಲ. ನೂರಕ್ಕೆ ಎರಡು ಪಾಲನ್ನು ದಾಟಿತೆಂದರೆ ಬೀಡು ಕಬ್ಬಿಣ, ಬಡಿದರೆ ಒಡೆಯುತ್ತದೆ. ಇವೆರಡರ ನಡುವಣ ಕಿರಿದಾದ ಓಣಿಯಲ್ಲಿ ಉಕ್ಕು ಓಡಾಡುತ್ತದೆ. ಆ ಓಣಿಯಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಕಾಯಿಸಬೇಕು, ಯಾವಾಗ ತಣಿಸಬೇಕು ಎಂಬುದನ್ನು ಅರಿಯಲು ಮನುಷ್ಯ ಮೂರು ಸಾವಿರ ವರ್ಷ ಬಡಿದಾಡಿದ್ದಾನೆ. ಬಡಿದಾಡಿದ್ದಾನೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಈ ಬಡಿದಾಟದ ಒಂದು ಫಲವನ್ನು ಇತ್ತೀಚೆಗೆ ಅನೇಕರ ಅಡಿಗೆಮನೆಯಲ್ಲಿ ಕಾಣಬಹುದು. ಚಾಕುವಿನ ಮೈಮೇಲೆ ನೀರಿನ ಅಲೆಯಂಥ, ಮರದ ಹಲಗೆಯ ಗೆರೆಯಂಥ ಬೂದು ಬಿಳಿಯ ಚಿತ್ತಾರ. ಅದಕ್ಕೆ ‘ಡಮಾಸ್ಕಸ್’ ಎಂದು ಹೆಸರು. ಅಮೆರಿಕದಲ್ಲಿರುವ ನನ್ನ ಮಗಳ ಮನೆಯಲ್ಲಿ ಅಂಥದೊಂದಿತ್ತು. ಬೆಲೆ ಕೇಳಿದ ನನ್ನ ಹೆಂಡತಿ ಅದನ್ನು ಮುಟ್ಟಲಿಲ್ಲ. ನಮ್ಮ ಮನೆಯ ಈಳಿಗೆಮಣೆ ಮೂವತ್ತು ವರ್ಷದಿಂದ ಹುರುಳಿಕಾಯಿ ಹೆಚ್ಚುತ್ತಿದೆ, ತೆಂಗಿನಕಾಯಿ ತುರಿಯುತ್ತಿದೆ. ಅದನ್ನು ಎಷ್ಟಕ್ಕೆ ಕೊಂಡೆವೆಂಬುದೇ ನಮಗೆ ಮರೆತಿದೆ. “ಹೆಚ್ಚೋಕೆ ಚಿತ್ತಾರ ಯಾಕೆ ಬೇಕು?” ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಮಗಳಿಗೆ ಉತ್ತರ ತಿಳಿಯಲಿಲ್ಲ. ಅಳಿಯ ಮಾತ್ರ, ಪಕ್ಕದ ಊರಿನಲ್ಲಿ ಇಂಥ ಅಲಗುಗಳನ್ನು ಕೈಯಿಂದ ಮಾಡುವ ಒಬ್ಬನಿದ್ದಾನೆ, ಬೇಕಾದರೆ ಹೋಗಿ ನೋಡಬಹುದು ಎಂದ.

ಓಹಾಯೋ ಸಂಸ್ಥಾನದ ಚಿಕ್ಕ ಊರು ಅದು. ಮನೆಯ ಹಿಂದೆ ಕಾರು ನಿಲ್ಲಿಸುವ ಕೊಟ್ಟಿಗೆಯೇ ಅವನ ಕುಲುಮೆ. ತಿದಿಯಿಲ್ಲ, ಇದ್ದಿಲಿಲ್ಲ, ಅನಿಲದ ಉರಿ. ಅಡಿಗಲ್ಲು ಮಾತ್ರ ನಮ್ಮ ಸಂತೆಯೂರಿನ ಕಮ್ಮಾರನ ಅಡಿಗಲ್ಲಿನ ಅಣ್ಣನಂತಿತ್ತು. ಆತ ಮೊದಲು ಮೋಟಾರು ರಿಪೇರಿಯ ಕೆಲಸದಲ್ಲಿದ್ದವನು, ಅರವತ್ತು ದಾಟಿದೆ. ಮಾತು ಕಡಮೆ, ಆದರೆ ಕೇಳಿದರೆ ಬಚ್ಚಿಡುವವನಲ್ಲ.

ಅವನ ಬಳಿ ಎರಡು ಬಗೆಯ ಉಕ್ಕಿನ ಪಟ್ಟಿಗಳಿದ್ದುವು. ಒಂದಕ್ಕೆ ೧೦೮೪ ಎಂದು ಹೆಸರು, ಇನ್ನೊಂದಕ್ಕೆ ೧೫ಎನ್೨೦. ಕೈದಿಗಳಿಗೆ ಇಟ್ಟ ಹೆಸರಿನ ಹಾಗೆ. ಎರಡರಲ್ಲೂ ಇಂಗಾಲ ಹೆಚ್ಚು ಕಡಮೆ ಸಮ, ನೂರಕ್ಕೆ ಮುಕ್ಕಾಲು ಪಾಲಿನ ಸುತ್ತಮುತ್ತ. ಎರಡನೆಯದರಲ್ಲಿ ಮಾತ್ರ ನೂರಕ್ಕೆ ಎರಡರಷ್ಟು ನಿಕ್ಕಲ್ ಬೆರೆತಿದೆ. ಮರ ಕೊಯ್ಯುವ ಪಟ್ಟಿ ಗರಗಸಗಳಿಗೆ ಬಳಸುವ ಉಕ್ಕು. ಇವನ್ನು ಒಂದರ ಮೇಲೊಂದರಂತೆ ಏಳು ಪದರ ಪೇರಿಸಿ, ಅಂಚು ಹಿಡಿಸಿ, ಹಿಡಿಗೆ ಒಂದು ಸಲಾಕೆ ಬೆಸೆದು ಕುಲುಮೆಗೆ ಇಟ್ಟ. ಕೆಂಪಾದಾಗ ಹೊರತೆಗೆದು ಮೇಲೆ ಬಿಳಿಗಾರದ ಪುಡಿ ಉದುರಿಸಿದ. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. ಅದು ಕರಗಿ ಗಾಜಿನಂತೆ ಹರಿದು ಪದರಗಳ ನಡುವಣ ಕಿಟ್ಟವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಹೊಸ ಕಿಟ್ಟ ಕಟ್ಟದಂತೆ ಗಾಳಿಯನ್ನೂ ತಡೆಯುತ್ತದೆ. ಕಿಟ್ಟ ಉಳಿದರೆ ಪದರಗಳು ಕೂಡುವುದಿಲ್ಲ.

ಮತ್ತೆ ಉರಿಗೆ. ಕಾವು ೧,೨೦೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿತು. ಕೆಂಪು ಹೋಗಿ ಕಿತ್ತಳೆ, ಕಿತ್ತಳೆ ಹೋಗಿ ಹಳದಿ. ಮೇಲಿನ ಬಿಳಿಗಾರ ಕೊತಕೊತನೆ ಕುದಿಯತೊಡಗಿದಾಗ ಹೊರತೆಗೆದ. ಈಗ ಅವನು ಜೋರಾಗಿ ಬಡಿಯುತ್ತಾನೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಬಡಿದದ್ದು ಬಹಳ ಮೆಲ್ಲಗೆ, ಮಗುವಿನ ಬೆನ್ನು ತಟ್ಟಿದಂತೆ. ಮೊದಲ ಏಟುಗಳು ಬೆಸೆಯಲು ಮಾತ್ರ. ಜೋರಾಗಿ ಹೊಡೆದರೆ ಪದರಗಳು ಒಂದರ ಮೇಲಿಂದೊಂದು ಜಾರುತ್ತವೆಯಂತೆ. ಏಳು ಪಟ್ಟಿಗಳು ಕಣ್ಣೆದುರಿಗೇ ಒಂದು ಮುದ್ದೆಯಾದುವು. ಸುತ್ತಿಗೆಯ ಸದ್ದು ಕೂಡ ಬದಲಾಯಿತು. ಸಡಿಲವಾದ ತಗಡಿನ ಸದ್ದು ಹೋಗಿ ಗಟ್ಟಿ ಕಬ್ಬಿಣದ ಸದ್ದು ಬಂತು. “ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ” ಎಂದ. ಇವನ ಭಾಷೆಯಲ್ಲಿ ಹದಕ್ಕೆ ಮಾತಿಲ್ಲದಿರಬಹುದು, ಹದವಂತೂ ಇತ್ತು.

ಆ ಮುದ್ದೆಯನ್ನು ಉದ್ದಕ್ಕೆ ಬಡಿದು, ನಡುವೆ ಕಡಿದು, ಒಂದರ ಮೇಲೊಂದಿಟ್ಟು ಮತ್ತೆ ಬೆಸೆಯುವುದು. ಏಳು ಹದಿನಾಲ್ಕಾಯಿತು, ಹದಿನಾಲ್ಕು ಇಪ್ಪತ್ತೆಂಟಾಯಿತು. ಐದು ಸಲ ಹೀಗೆ ಮಾಡಿದರೆ ೨೨೪ ಪದರ. ನಮ್ಮ ಚಿರೋಟಿಯ ಲೆಕ್ಕವೇ. ಇಷ್ಟಾದರೂ ಅದನ್ನು ಮಟ್ಟಸವಾಗಿ ಬಡಿದರೆ ಮೇಲೆ ಕಾಣುವುದು ಒಂದೇ ಪದರ, ಚಿತ್ತಾರವೇನೂ ಕಾಣದು. ಪದರಗಳನ್ನು ಅಡ್ಡಾದಿಡ್ಡಿ ಮಾಡಿ ಒಳಗಿನದನ್ನು ಮೇಲೆ ತರಬೇಕು. ಕಾಯಿಸಿ ಹುರಿಹಗ್ಗದಂತೆ ತಿರುಚಿದರೆ ನಕ್ಷತ್ರದಂಥ ಸುಳಿಗಳು ಬರುತ್ತವೆ. ಮೇಲೆ ಅಡ್ಡ ಗೀರುಗಳನ್ನು ಕೊರೆದು ಮತ್ತೆ ಚಪ್ಪಟೆ ಬಡಿದರೆ ಏಣಿಯ ಮೆಟ್ಟಿಲುಗಳು. ಅಲ್ಲಲ್ಲಿ ಆಳವಿಲ್ಲದ ಕುಳಿ ತೋಡಿ ಬಡಿದರೆ ಕೊಳದ ಮೇಲೆ ಬಿದ್ದ ಮಳೆಹನಿಯ ಬಳೆಗಳು.

ಆಮೇಲೆ ಅಲಗಿನ ಆಕಾರ. ಬಳಿಕ ನಿಜವಾದ ಹದ: ಅಯಸ್ಕಾಂತಕ್ಕೆ ಅಂಟದಷ್ಟು ಕಾವು ಬರುವವರೆಗೆ, ಅದಕ್ಕೂ ಕೊಂಚ ಮೇಲೆ, ಸುಮಾರು ೮೧೫ ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವುದು. ಆಗ ಅದು ಗಾಜಿನಷ್ಟು ಬಿರುಸು. ಕೈಜಾರಿ ನೆಲಕ್ಕೆ ಬಿದ್ದರೂ ಸೀಳಬಹುದು. ಅದನ್ನು ೨೦೦ ಡಿಗ್ರಿಯ ಮೆಲುಗಾವಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟರೆ ಸ್ವಲ್ಪ ಗಡಸುತನ ಬಿಟ್ಟುಕೊಟ್ಟು ತಾಳ್ಮೆ ಕಲಿಯುತ್ತದೆ. ಈ ಕೆಲಸಕ್ಕೆ ಅವನು ಬಳಸುವುದು ಅವನ ಹೆಂಡತಿ ರೊಟ್ಟಿ ಸುಡುತ್ತಿದ್ದ ಹಳೆಯ ಒಲೆ. ಕೊನೆಗೆ ಉಜ್ಜಿ ನಯಮಾಡಿ ಫೆರಿಕ್ ಕ್ಲೋರೈಡಿನ ದ್ರಾವಣದಲ್ಲಿ ಮುಳುಗಿಸಿದ. ಬರಿದಾಗಿ ಹೊಳೆಯುತ್ತಿದ್ದ ಅಲಗಿನ ಮೇಲೆ ಕೆಲವು ನಿಮಿಷಗಳಲ್ಲಿ ಅಲೆಗಳು ಎದ್ದು ಬಂದುವು. ನಿಕ್ಕಲ್ ಇಲ್ಲದ ಪದರವನ್ನು ದ್ರಾವಣ ತಿಂದು ಕಪ್ಪು ಮಾಡಿತು. ನಿಕ್ಕಲ್ ಇದ್ದದ್ದು ಬೆಳ್ಳಗೆ ಉಳಿಯಿತು. ಚಿತ್ತಾರವನ್ನು ದ್ರಾವಣ ಬರೆಯಲಿಲ್ಲ. ಇದ್ದದ್ದನ್ನು ಬೆಳಕಿಗೆ ತಂದಿತು. ಅಂಗಡಿಯ ಅಗ್ಗದ ಚಾಕುಗಳಲ್ಲಿ ಕೆಲವಕ್ಕೆ ಈ ಅಲೆಯನ್ನು ಮೇಲಿಂದ ಅಚ್ಚೊತ್ತಿರುತ್ತಾರೆಂದೂ ಅವನು ಹೇಳಿದ. ಪರೀಕ್ಷೆ ಸುಲಭ. ಉಜ್ಜಿ ಅಳಿಸಿ ಮತ್ತೆ ದ್ರಾವಣದಲ್ಲಿಡಿ. ಒಳಗಿನ ಅಲೆ ಮರಳಿ ಬರುತ್ತದೆ. ಅಚ್ಚಿನ ಅಲೆ ಹೋದದ್ದು ಹೋಯಿತು.

ನಾನು ಮೆಚ್ಚಿ ಏನೋ ಹೇಳಿದೆ. ಆತ ತಲೆಯಾಡಿಸಿ, “ಇದು ನಾನು ಇಟ್ಟ ಚಿತ್ತಾರ. ತಾನಾಗಿ ಹುಟ್ಟುವ ಚಿತ್ತಾರ ಬೇರೆ ಇದೆ. ನಿಮ್ಮ ದೇಶದವರು ಅದನ್ನು ನೋಡಿಲ್ಲವೆ?” ಎಂದು ಕೇಳಿ, ಕಪಾಟಿನಿಂದ ಅರ್ಧ ಬಿಲ್ಲೆಯಷ್ಟು ದಪ್ಪದ, ಕಿತ್ತಳೆಹಣ್ಣಿನ ಹೋಳಿನಂಥ ಒಂದು ಕಬ್ಬಿಣದ ಗಟ್ಟಿಯನ್ನು ತಂದು ನನ್ನ ಕೈಗಿಟ್ಟ. ತಾನೇ ಮೂಸೆಯಲ್ಲಿ ಕರಗಿಸಿ ಮಾಡಿದ್ದಂತೆ. “ವೂಟ್ಸ್” ಎಂದ.

ಈ ‘ವೂಟ್ಸ್’ ಎಂಬ ಮಾತಿನ ಕಥೆ ಸ್ವಾರಸ್ಯವಾದದ್ದು. ಬೊಂಬಾಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬಾತ ೧೭೯೪ ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್‌ಗೆ ಈ ದೇಶದ ಉಕ್ಕಿನ ಕೆಲವು ಗಟ್ಟಿಗಳನ್ನು ಕಳುಹಿಸಿದ. ಮರುವರ್ಷ ಜಾರ್ಜ್ ಪಿಯರ್‌ಸನ್ ಎಂಬ ವಿಜ್ಞಾನಿ ಅವನ್ನು ಪರೀಕ್ಷಿಸಿ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಅಲ್ಲಿಂದ ‘ವೂಟ್ಸ್’ ಎಂಬ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ನೆಲಸಿತು. ಅದು ಕನ್ನಡ ತೆಲುಗುಗಳ ‘ಉಕ್ಕು’ ಎಂಬುದೇ ಪರದೇಶದ ಕಿವಿಯಲ್ಲೋ ಲೇಖನಿಯಲ್ಲೋ ಕೆಟ್ಟ ರೂಪವೆಂದು ಬಲ್ಲವರು ಬಹುವಾಗಿ ಒಪ್ಪುತ್ತಾರೆ. ನಾನು ಆ ಗಟ್ಟಿಯನ್ನು ಕೈಯಲ್ಲಿ ಹಿಡಿದು “ಉಕ್ಕು” ಎಂದೆ. ಆತ ಎರಡು ಮೂರು ಸಲ “ಊಕೂ, ಊಕೂ” ಎಂದು ಪ್ರಯತ್ನಿಸಿ ಕೈಬಿಟ್ಟ. ೧೭೯೪ ರಲ್ಲಿ ಏನು ನಡೆದಿರಬಹುದೆಂಬುದು ನನಗೆ ಆಗ ಸ್ಪಷ್ಟವಾಯಿತು.

ಇಲ್ಲಿ ಓದುಗರು ಒಂದು ಗಂಟನ್ನು ಬಿಡಿಸಿಕೊಳ್ಳಬೇಕು. ಡಮಾಸ್ಕಸ್ ಎಂಬ ಒಂದೇ ಹೆಸರು ಎರಡು ಬೇರೆ ವಸ್ತುಗಳಿಗೆ ಅಂಟಿಕೊಂಡಿದೆ. ಪದರ ಬೆಸೆದ ಉಕ್ಕು ಒಂದು. ಯೂರೋಪಿನಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಅಂಥ ಖಡ್ಗಗಳಿದ್ದುವು. ಅಮೆರಿಕದ ವಿಲಿಯಂ ಮೋರನ್ ೧೯೭೩ ರಲ್ಲಿ ಅಂಥ ಚಾಕುಗಳನ್ನು ಮಾಡಿ ಪ್ರದರ್ಶಿಸಿದ ಮೇಲೆ ಆ ಕಲೆ ಅಲ್ಲಿ ಮತ್ತೆ ಚಿಗುರಿತು. ಇನ್ನೊಂದು, ಸಿರಿಯಾ ಪರ್ಷಿಯಾಗಳ ಹಳೆಯ ಖಡ್ಗಗಳ ಉಕ್ಕು. ಅದರಲ್ಲಿ ಪದರವಿಲ್ಲ, ಬೆಸುಗೆಯಿಲ್ಲ. ಒಂದೇ ಗಟ್ಟಿಯನ್ನು ಬಡಿದು ಮಾಡಿದ ಅಲಗಿನ ಮೇಲೆ ಅಲೆ ತಾನಾಗಿ ಎದ್ದಿರುತ್ತದೆ. ಆ ಗಟ್ಟಿಗಳಲ್ಲಿ ಬಹಳಷ್ಟು ಹೋದದ್ದು ನಮ್ಮ ದಕ್ಷಿಣ ದೇಶದಿಂದ. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಸಂಚರಿಸಿದ ಫ್ರೆಂಚ್ ವರ್ತಕ ತಾವೆರ್ನಿಯೆ, ಪರ್ಷಿಯಾದವರ ಚಿತ್ತಾರದ ಅಲಗಿಗೆ ಒದಗುವ ಉಕ್ಕು ಗೋಲ್ಕೊಂಡದ ಸೀಮೆಯಿಂದ ಬರುತ್ತದೆಂದು ಬರೆದಿದ್ದಾನೆ.

ಮೈಸೂರು ಸೀಮೆಯಲ್ಲಿಯೂ ಇದು ನಡೆಯುತ್ತಿತ್ತು. ಟಿಪ್ಪು ಮಡಿದ ಮರುವರ್ಷ, ೧೮೦೦ ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ನಾಡನ್ನು ಸುತ್ತಿದ. ೧೮೦೭ ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಮಧುಗಿರಿಯ ಕಡೆಯ ಉಕ್ಕಿನ ಕೆಲಸದ ವಿವರವಿದೆ. ಸುಡದ ಜೇಡಿಮಣ್ಣಿನ ಮೂಸೆ. ಅದರೊಳಗೆ ಒಂದು ತುಂಡು ಕಬ್ಬಿಣ. ಜೊತೆಗೆ ಮೂರು ರೂಪಾಯಿ ತೂಕದ ತಂಗಡಿಯ ಕಡ್ಡಿ. ಮೇಲೆ ಹಂಬಿನ ಜಾತಿಯ ಗಿಡವೊಂದರ ಎರಡು ಹಸಿರೆಲೆ. ಬಾಯಿ ಮುಚ್ಚಿ, ಮೂಸೆಗಳನ್ನು ಕಮಾನಿನಂತೆ ಜೋಡಿಸಿ, ಇದ್ದಿಲು ತುಂಬಿ, ನಾಲ್ಕು ಗಂಟೆಯ ಕಾಲ ತಿದಿ ಒತ್ತುವುದು. ಮೂಸೆ ಒಡೆದರೆ ಒಳಗೆ ಕರಗಿ ಗಟ್ಟಿಯಾದ ಉಕ್ಕಿನ ಬಿಲ್ಲೆ. ತಂಗಡಿ ಎಂದರೆ ರಸ್ತೆಯ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ಆವರಿಕೆ ಗಿಡ. ಯಾರೂ ತಿರುಗಿ ನೋಡದ ಗಿಡ. ಮುಚ್ಚಿದ ಮೂಸೆಯೊಳಗೆ ಕಡ್ಡಿಯೂ ಎಲೆಯೂ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಇಳಿಯುತ್ತಿತ್ತು. ಚನ್ನಪಟ್ಟಣದಲ್ಲಿ ಉಕ್ಕನ್ನು ಎಳೆದು ವಾದ್ಯಗಳಿಗೆ ತಂತಿ ಮಾಡುತ್ತಿದ್ದರೆಂದೂ ಅದು ದೂರದೂರಕ್ಕೆ ಹೋಗುತ್ತಿತ್ತೆಂದೂ ಬುಕಾನನ್ ಬರೆದಿದ್ದಾನೆ. ಆ ಕಾಲದಲ್ಲಿ ಕತ್ತಿಯೂ ವೀಣೆಯೂ ಕಮ್ಮಾರನ ಬಾಗಿಲಲ್ಲೇ ಕೈಯೊಡ್ಡಿ ನಿಂತಿದ್ದುವೆನ್ನಬೇಕು.

ಈ ಅಲೆಯ ಗುಟ್ಟನ್ನು ಹಿಡಿಯಲು ಯೂರೋಪಿನವರು ಪಟ್ಟ ಪಾಡು ಕಡಮೆಯದಲ್ಲ. ವಿದ್ಯುತ್ತಿನಿಂದ ಹೆಸರಾದ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ೧೮೨೦ ರ ಆಸುಪಾಸಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನೊಡನೆ ಕೂಡಿ ವೂಟ್ಸನ್ನು ಪರೀಕ್ಷಿಸಿ, ಅದನ್ನು ಹೋಲುವ ಉಕ್ಕು ಮಾಡಲು ಬೆಳ್ಳಿ, ಪ್ಲಾಟಿನಂ ಎಂದು ನಾನಾ ಲೋಹಗಳನ್ನು ಬೆರೆಸಿ ನೋಡಿದ. ರಷ್ಯಾದ ಪಾವೆಲ್ ಅನೊಸೊವ್ ಉರಲ್ ಪರ್ವತದ ಜ್ಲಾತೊಉಸ್ತ್‌ನಲ್ಲಿ ವರ್ಷಗಟ್ಟಲೆ ದುಡಿದು ೧೮೪೧ ರಲ್ಲಿ ಗ್ರಂಥವನ್ನೇ ಬರೆದ. ಯೂರೋಪಿನ ಕಮ್ಮಾರರಿಗೆ ಒಂದು ದೊಡ್ಡ ತೊಡಕಿತ್ತು. ತಮ್ಮ ಕಬ್ಬಿಣಕ್ಕೆ ಕೊಡುವಂತೆ ಇದಕ್ಕೂ ಬಿಳಿಗಾವು ಕೊಟ್ಟರೆ, ಗಟ್ಟಿ ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ಈ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದೂವರೆ ಪಾಲಿನಷ್ಟಿದೆ. ಇದನ್ನು ಕೆಂಪುಗಾವಿನಲ್ಲಿ, ಆತುರವಿಲ್ಲದೆ, ಹತ್ತಾರು ಸಲ ಕಾಯಿಸಿ ಬಡಿಯಬೇಕು. ಬಲವಂತಕ್ಕೆ ಅದು ಬಗ್ಗದು.

ನಿಜವಾದ ಉತ್ತರ ಸಿಕ್ಕಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯದ ಲೋಹಶಾಸ್ತ್ರಜ್ಞ ಜಾನ್ ವರ್ಹೋವನ್, ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೇ ಎಂಬ ಕಮ್ಮಾರ, ಇಬ್ಬರೂ ಜೊತೆಗೂಡಿದರು. ಒಬ್ಬನಿಗೆ ಸೂಕ್ಷ್ಮದರ್ಶಕ, ಒಬ್ಬನಿಗೆ ಸುತ್ತಿಗೆ. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯದ ಹಳೆಯ ಖಡ್ಗಗಳ ತುಣುಕುಗಳನ್ನು ಪರೀಕ್ಷಿಸಿ, ಪೆಂಡ್ರೇ ಹೊಸದಾಗಿ ಮಾಡಿದ ಅಲಗುಗಳೊಡನೆ ಹೋಲಿಸಿ, ೧೯೯೮ ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು. ಅಲೆಗೆ ಕಾರಣ ಉಕ್ಕಿನೊಳಗೆ ಅಡಗಿದ ವನೇಡಿಯಂನಂಥ ಲೋಹಗಳ ಅತ್ಯಲ್ಪ ಅಂಶ, ನೂರಕ್ಕೆ ೦.೦೨ ರಷ್ಟಕ್ಕಿಂತಲೂ ಕಡಮೆ.

ಅದು ಕೆಲಸ ಮಾಡುವ ಬಗೆ ಹೀಗೆ. ಮೂಸೆಯಲ್ಲಿ ಕರಗಿದ ಉಕ್ಕು ನಿಧಾನವಾಗಿ ಆರುವಾಗ ಕೊಂಬೆರೆಂಬೆಗಳಂತೆ ಹರಳುಗಟ್ಟುತ್ತದೆ. ವನೇಡಿಯಂ, ಸಂತೆಯಲ್ಲಿ ಅಂಗಡಿ ಹಾಕಲು ಜಾಗ ಸಿಕ್ಕದವರು ಓಣಿಗಳಲ್ಲಿ ನಿಲ್ಲುವಂತೆ, ಆ ಕೊಂಬೆಗಳ ನಡುವಣ ಸಂದುಗಳಿಗೆ ಸರಿಯುತ್ತದೆ. ಕಮ್ಮಾರ ಮತ್ತೆ ಮತ್ತೆ ಕಾಯಿಸಿ ಬಡಿದಂತೆಲ್ಲ, ಸಿಮೆಂಟೈಟ್ ಎಂಬ ಗಡಸು ಕಣಗಳು ಆ ಸಂದುಗಳ ಜಾಡು ಹಿಡಿದು ಸಾಲುಗಟ್ಟುತ್ತವೆ. ಕೊನೆಗೆ ದ್ರಾವಣ ಹಚ್ಚಿದಾಗ ಕಾಣುವ ಬಿಳಿಯ ಅಲೆ ಆ ಸಾಲುಗಳೇ. ಅದಿರಿನಲ್ಲಿ ಆ ಚಿಟಿಕೆಯಷ್ಟು ವನೇಡಿಯಂ ಇಲ್ಲದಿದ್ದರೆ ಎಷ್ಟು ನುರಿತ ಕೈ ಬಡಿದರೂ ಸಾಲು ಕಟ್ಟುವುದಿಲ್ಲ. ಅಲಗು ಆಗುತ್ತದೆ, ಅಲೆ ಏಳುವುದಿಲ್ಲ.

ಈ ಕಲೆ ಹದಿನೆಂಟನೆಯ ಶತಮಾನದಲ್ಲಿ ಕ್ಷೀಣಿಸಿತು, ಹತ್ತೊಂಬತ್ತನೆಯದರಲ್ಲಿ ಅಳಿಯಿತು. ಏಕೆಂಬುದಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ: ಕತ್ತಿಯ ಜಾಗಕ್ಕೆ ಬಂದೂಕು ಬಂತು, ಇಂಗ್ಲೆಂಡಿನ ಅಗ್ಗದ ಉಕ್ಕು ಬಂದು ಸುರಿಯಿತು, ಇದ್ದಿಲಿಗೆ ಕಾಡು ಸಿಕ್ಕದಂತಾಯಿತು. ಎಲ್ಲವೂ ಇದ್ದುವು. ವರ್ಹೋವನ್ ಮತ್ತು ಪೆಂಡ್ರೇ ಇವುಗಳ ಜೊತೆಗೆ ಇನ್ನೊಂದನ್ನು ಊಹಿಸಿದ್ದಾರೆ. ವನೇಡಿಯಂ ಇದ್ದ ಅದಿರಿನ ಗಣಿಗಳು ಬರಿದಾಗಿ, ಬೇರೆ ಗಣಿಯ ಅದಿರು ಬಂದಿರಬೇಕು. ನೋಡಲು ಅದೂ ಇದೂ ಒಂದೇ. ಕರಗಿಸಿದರೆ ಬರುವ ಗಟ್ಟಿಯೂ ಒಂದೇ. ಆದರೆ ಅಲೆ ಬರುವುದು ನಿಂತಿತು.

ಈ ಮಾತು ಓದಿದಂದಿನಿಂದ ನನ್ನನ್ನು ಬಿಟ್ಟಿಲ್ಲ. ಆ ಅಲೆ ನಿಂತ ಕಾಲದ ಒಬ್ಬ ಕಮ್ಮಾರನನ್ನು ನೆನೆದುಕೊಳ್ಳಿ. ಇಸ್ಫಹಾನಿನಲ್ಲೋ ಮತ್ತೆಲ್ಲೋ ಇದ್ದಾನೆ. ಅಪ್ಪ ಕಲಿಸಿದಂತೆಯೇ ಕಾಯಿಸುತ್ತಾನೆ, ಅಜ್ಜನ ಸುತ್ತಿಗೆಯಿಂದಲೇ ಬಡಿಯುತ್ತಾನೆ. ಬಣ್ಣ ಸರಿಯಾಗಿದೆ, ಸದ್ದು ಸರಿಯಾಗಿದೆ, ಕೈಯಲ್ಲಿ ಹದ ಇದ್ದ ಹಾಗೇ ಇದೆ. ಉಜ್ಜಿ ದ್ರಾವಣ ಹಚ್ಚಿದರೆ ಅಲಗು ಬರಿದು. ಮತ್ತೊಂದು ಗಟ್ಟಿ ತೆಗೆದುಕೊಳ್ಳುತ್ತಾನೆ, ಅದೂ ಬರಿದು. ಅವನು ಯಾರನ್ನು ಅನುಮಾನಿಸಬೇಕು? ಮೊದಲು ತಿದಿ ಒತ್ತುವ ಹುಡುಗನನ್ನು ಬೈದಿರಬೇಕು. ಆಮೇಲೆ ಇದ್ದಿಲನ್ನು, ನೀರನ್ನು, ಗಳಿಗೆಯನ್ನು ದೂರಿರಬೇಕು. ಕೊನೆಗೆ ತನ್ನ ಕಣ್ಣು ಮಂಜಾಯಿತೆಂದೋ, ಕೈ ನಡುಗುತ್ತದೆಂದೋ, ದೇವರು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡನೆಂದೋ ತಿಳಿದಿರಬೇಕು. ಪಕ್ಕದಲ್ಲಿ ನಿಂತ ಮಗ ಇದನ್ನೆಲ್ಲ ನೋಡುತ್ತಾನೆ. ಕೆಲಸ ಕೆಟ್ಟರೆ ಬೈಗುಳ, ಕೆಲಸ ಕೂಡುವುದಂತೂ ಇಲ್ಲ. ಅಂಥ ವಿದ್ಯೆಯನ್ನು ಅವನೇಕೆ ಕಲಿತಾನು? ಒಂದು ತಲೆಮಾರು ಅಲೆ ಬರದಿದ್ದರೆ ಸಾಕು. ಅದನ್ನು ತರುವ ಕೈಯೂ ಅದರ ಹಿಂದೆಯೇ ಹೋಗುತ್ತದೆ. ಮತ್ತೆಂದೋ ಸರಿಯಾದ ಅದಿರು ಬಂದರೂ ಅದನ್ನು ಬರಮಾಡಿಕೊಳ್ಳುವವರಿರುವುದಿಲ್ಲ.

ಕೆಟ್ಟದ್ದೆಲ್ಲಿ ಎಂದು ಹೇಳಬಲ್ಲವರು ಆ ದಾರಿಯಲ್ಲಿ ಒಬ್ಬರೂ ಇರಲಿಲ್ಲ. ಅದಿರು ಆಯುವವನು ಒಬ್ಬ. ಅದನ್ನು ಕಬ್ಬಿಣ ಮಾಡುವವನು ಇನ್ನೊಬ್ಬ. ಮೂಸೆಯಲ್ಲಿ ಉಕ್ಕು ಮಾಡುವವನು ಮತ್ತೊಬ್ಬ. ಗಟ್ಟಿಗಳನ್ನು ಎತ್ತಿನ ಮೇಲೆ ಹೇರುವವನು, ಹಡಗಿಗೆ ಹಾಕುವವನು, ಪೇಟೆಯಲ್ಲಿ ಮಾರುವವನು, ಎಲ್ಲರೂ ಬೇರೆ ಬೇರೆ. ಅಲೆಯನ್ನು ಕಂಡವನು ಗಣಿಯನ್ನು ಕಂಡಿರಲಿಲ್ಲ. ಗಣಿಯವನು ಅಲೆಯನ್ನು ಕಂಡಿರಲಿಲ್ಲ. ನಮ್ಮ ಕಡೆಯ ಉಕ್ಕಿನವನಿಗೆ ತನ್ನ ಗಟ್ಟಿ ಸಮುದ್ರದಾಚೆ ಏನಾಗುತ್ತದೆಂಬುದೇ ತಿಳಿದಿರಲಾರದು. ‘ಈ ಸಲದ್ದು ಸರಿಯಿಲ್ಲ’ ಎಂಬ ಒಂದು ಮಾತು ಹಿಂದಕ್ಕೆ ಬರಬೇಕಾದರೆ ಅದು ಎಷ್ಟು ಮರುಭೂಮಿ, ಎಷ್ಟು ಕಡಲು, ಎಷ್ಟು ಭಾಷೆ ದಾಟಬೇಕು! ದಾಟಿ ಬಂದಿದ್ದರೂ, ಇಲ್ಲಿಯ ಮುದುಕ ತನ್ನ ಮೂಸೆಯನ್ನೂ ಆವರಿಕೆ ಕಡ್ಡಿಯನ್ನೂ ತೋರಿಸಿ, ‘ನಾನೇನೂ ಬದಲಾಯಿಸಿಲ್ಲವಲ್ಲಪ್ಪ’ ಎನ್ನುತ್ತಿದ್ದ. ಅದೂ ನಿಜವೇ ಆಗಿರುತ್ತಿತ್ತು.

ಕಳೆದುಹೋದ ವಿದ್ಯೆಗಳ ಮಾತು ಬಂದಾಗ ನಮ್ಮಲ್ಲಿ ಎರಡು ಬಗೆಯ ಜನ. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು, ಪರಕೀಯರು ಹಾಳುಮಾಡಿದರು ಎನ್ನುವವರು ಒಂದು ಕಡೆ. ಅವರು ಮುಚ್ಚಿಟ್ಟು ಸತ್ತರು, ಅದಕ್ಕೇ ಹೋಯಿತು ಎನ್ನುವವರು ಇನ್ನೊಂದು ಕಡೆ. ಈ ಉಕ್ಕಿನ ವಿಷಯ ಎರಡೂ ಕಡೆಗೆ ಸುಲಭವಾಗಿ ಸೇರುವುದಿಲ್ಲ. ವನೇಡಿಯಂ ಎಂಬ ಧಾತುವೊಂದಿದೆ ಎಂಬುದೇ ಹತ್ತೊಂಬತ್ತನೆಯ ಶತಮಾನದವರೆಗೆ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲದ ಗುಟ್ಟನ್ನು ಅವರು ಮುಚ್ಚಿಡುವುದೆಲ್ಲಿ ಬಂತು? ಎಲ್ಲವೂ ತಿಳಿದಿತ್ತು ಎಂದರೂ ಸುಳ್ಳಾಗುತ್ತದೆ. ತಿಳಿಯದೆಯೇ ಅಷ್ಟು ಚೆನ್ನಾಗಿ ಮಾಡಿದರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್, ಎಸ್. ರಂಗನಾಥನ್ ಅವರು ೨೦೦೪ ರಲ್ಲಿ ಈ ಉಕ್ಕಿನ ಮೇಲೆಯೇ ಒಂದು ಪುಸ್ತಕ ಬರೆದರು. ಅಂಥವರು ಹಳೆಯ ಮೂಸೆಯ ಚೂರುಗಳನ್ನೂ ಕಿಟ್ಟದ ರಾಶಿಗಳನ್ನೂ ಹುಡುಕಿ ಪರೀಕ್ಷಿಸಿರುವುದರಿಂದಲೇ ನಮಗೆ ಇಷ್ಟಾದರೂ ತಿಳಿದಿದೆ. ಹೆಸರು ಬರೆದಿಡದ ಜನರ ವಿಷಯ ಅವರು ಎಸೆದ ಓಡುಗಳಿಂದ ತಿಳಿಯಬೇಕಾಗಿದೆ.

ಓಹಾಯೋದ ಆ ಕಮ್ಮಾರನ ಬಳಿ ನಾನು ಬಹಳ ಮೆಚ್ಚಿದ್ದು ಅವನ ಚಾಕುಗಳನ್ನಲ್ಲ, ಅಡಿಗಲ್ಲಿನ ಪಕ್ಕದಲ್ಲಿ ತೂಗುಹಾಕಿದ್ದ ಒಂದು ಮಸಿಬಡಿದ ನೋಟುಪುಸ್ತಕವನ್ನು. ಪ್ರತಿಯೊಂದು ಗಟ್ಟಿಗೂ ಅದರಲ್ಲಿ ಒಂದು ಪುಟ: ಕಬ್ಬಿಣ ಎಲ್ಲಿಂದ ಬಂತು, ಏನೇನು ಎಷ್ಟು ತೂಕ, ಎಷ್ಟು ಹೊತ್ತು ಕಾಯಿತು, ಎಷ್ಟು ಸಲ ಬಡಿದದ್ದು. ಒಡೆದುಹೋದ ಗಟ್ಟಿಗಳಿಗೂ ಪುಟವಿತ್ತು. ನಿಜ ಹೇಳಬೇಕಾದರೆ ಅವೇ ಹೆಚ್ಚಿದ್ದುವು. ಕೆಟ್ಟದ್ದನ್ನು ಏಕೆ ಬರೆದಿಡುತ್ತೀರಿ ಎಂದು ಕೇಳಿದೆ. “ಯಾಕೆ ಕೆಟ್ಟಿತೆಂದು ನನಗೆ ಗೊತ್ತಿಲ್ಲ. ಗೊತ್ತಾಗುವವರು ಮುಂದೆ ಯಾರಾದರೂ ಬರಬಹುದು” ಎಂದ. ಹದವನ್ನು ಬರೆದಿಡಲಾಗದು, ಅದು ಕೈಯಿಂದ ಕೈಗೆ ಹೋಗಬೇಕಾದ ಸ್ವತ್ತು. ಅದಿರು ಯಾವ ಊರಿನದು ಎಂಬುದನ್ನು ಬರೆದಿಡಬಹುದು. ನಮ್ಮ ಕೈಗೆ ಸಂಬಂಧಪಡದ, ನಮಗೆ ಅರ್ಥವೂ ಆಗದ ಆ ಸಣ್ಣ ವಿವರವೇ ಒಂದು ದಿನ ಮೊಮ್ಮಗನ ಪ್ರಶ್ನೆಗೆ ಉತ್ತರವಾದೀತು.

ಹೆಚ್ಚಲು ಚಿತ್ತಾರ ಏಕೆ ಬೇಕೆಂದು ನನ್ನ ಹೆಂಡತಿ ಕೇಳಿದ್ದಳಲ್ಲ, ಅದಕ್ಕೂ ಉತ್ತರ ಸಿಕ್ಕಿತು. ಪದರದ ಚಾಕುವಿನಲ್ಲಿ ಇಂದು ಅದು ಬರಿಯ ಅಂದ. ಒಳ್ಳೆಯ ಉಕ್ಕಿನ ಸಾದಾ ಚಾಕು ಅಷ್ಟೇ ಚೆನ್ನಾಗಿ ಹೆಚ್ಚುತ್ತದೆ. ಹಳೆಯ ಕಾಲದಲ್ಲಿ ಅಲೆ ಒಂದು ಸಾಕ್ಷಿಯಾಗಿತ್ತು. ಉಕ್ಕು ಒಳ್ಳೆಯದು, ಅದನ್ನು ಅವಸರಪಡದೆ ಬಡಿದಿದ್ದಾರೆ ಎಂದು ಕೊಳ್ಳುವವನು ಕಣ್ಣಿನಿಂದಲೇ ಓದಿಕೊಳ್ಳುತ್ತಿದ್ದ. ಆ ಸಾಕ್ಷಿ ಸುಮ್ಮನಾದ ದಿನ ಕಮ್ಮಾರನ ಮಾತಿಗೆ ಬೆಲೆ ಹೋಯಿತು. ಅವನು ಮಾತ್ರ ಹಿಂದಿನಷ್ಟೇ ಪ್ರಾಮಾಣಿಕನಾಗಿದ್ದ.

ಅವನಿಗೆ ಯಾರಾದರೂ ಒಂದು ಮಾತು ಹೇಳಬೇಕಾಗಿತ್ತು: ‘ಅಯ್ಯಾ, ನಿನ್ನ ಕೈ ಕೆಟ್ಟಿಲ್ಲ, ಅದಿರು ಬದಲಾಗಿದೆ. ಹುಡುಗನನ್ನು ಬೈಯಬೇಡ.’ ಆ ಮಾತನ್ನು ಕಂಡುಹಿಡಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಕೇಳಬೇಕಾದವನು ಕುಲುಮೆ ಆರಿಸಿ ಎದ್ದು ಹೋಗಿದ್ದ.